ದೊರೆಯಾಗುವ ಮೊದಲು

ಇಂಡಿಯಿಂದ ತಾಂಬಾಕ್ಕೆ ಹೊರಟ ಬಸ್ಸಿನಲ್ಲಿ ಕಾಲೇಜು ಹುಡುಗಿ ಸುವರ್ಣಾ ಕಾದಂಬರಿ ಓದುತ್ತ ಅಳುತ್ತಿದ್ದಳು. ಪಕ್ಕದಲ್ಲಿದ್ದ ಅತ್ತೆ ಕಾಶಿಬಾಯಿ ಗಾಬರಿಯಾದಳು.

“ಏನಾತವ್ವಾ?”

“ಹಿಂದಿನ ಮೂರು ಪುಸ್ತಕದಾಗ ಈ ದೊರಿ ಊರೂರು ಸುಟ್ಟಿದ್ದ, ಅತ್ತಿ. ಇದು ಅವನ ಹರೇದ ಕಥಿ. ಇದರಾಗ ಪಾಪ, ತಾನು ಉಪವಾಸ ಇದ್ದು ತಂಗಿಗೆ ರೊಟ್ಟಿ ಕೊಡ್ತಾನ.”

“ಮುಂದ ಕೆಟ್ಟಾಂವ ಆಗ್ತಾನಂತ ಗೊತ್ತೈತಲ್ಲ. ಮತ್ಯಾಕ ಓದಾಕತ್ತಿ?”

ಸುವರ್ಣಾ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದಳು. ಇಷ್ಟು ದಿನ ಆ ದೊರೆ ಸಾಯಲಿ ಎಂದಿದ್ದವಳು ಈಗ ಅವನಿಗಾಗಿ ದೇವರನ್ನು ಬೇಡುತ್ತಿದ್ದಳು.

“ಈ ಸಲ ಕೆಡಲಿಕ್ಕಿಲ್ಲೇನೋ ಅನಸ್ತೈತಿ,” ಎಂದಳು ನಾಚಿಕೆಯಿಂದ.

ಕಾಶಿಬಾಯಿ ನಗಲಿಲ್ಲ. “ಜೋರಾಗಿ ಓದು. ಆ ತಂಗಿ ಉಳಿತಾಳೇನು ನೋಡೋಣು.”

ತಾಂಬಾದಲ್ಲಿ ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಇಬ್ಬರೂ ಇಳಿದರು. ಆ ದೊರೆಯ ಮೇಲೆ ಸಿಟ್ಟಾಗಬೇಕೋ ಅವನಿಗಾಗಿ ಮರುಗಬೇಕೋ ಇಬ್ಬರಿಗೂ ತಿಳಿಯಲಿಲ್ಲ.