ಸೆರಗಿನ ಕೊಂಡಿ

“ಅಕಿಗೆ ಬ್ಯಾರೆ ಗಂಡಸರ ಸಿಗಲಿಲ್ಲೇನು?”

ಅಂಬವ್ವ ಕೇಳಿದ್ದು ಯಾರನ್ನೂ ಅಲ್ಲ. ಮನೆಯಲ್ಲಿ ಆಗ ಇದ್ದದ್ದು ಅವಳು, ಸುಮ್ಮನೆ ನಿಂತ ಕುಣಿಮಗ್ಗ ಮತ್ತು ಒಲೆಯ ಮೇಲಿನ ಗಂಜಿ. ಕೇಳಿದ ಮೇಲೆ ತನಗೇ ನಾಚಿಕೆಯಾಗಿ, “ಯಕ್ಷಿಣಿಗೆ ಅಂದೆ,” ಎಂದು ಮಗ್ಗಕ್ಕೆ ಸಮಜಾಯಿಷಿ ಹೇಳಿದಳು.

ಯಕ್ಷಿಣಿ ಇದ್ದದ್ದು ಓಣಿಯ ಕೊನೆಗೆ, ರಂಜಾನಬಿಯ ಟಿ.ವಿ.ಯೊಳಗೆ. ಮುಂಬಯಿಯ ಅಳಿಯ ತಂದುಕೊಟ್ಟ ಆ ಪೆಟ್ಟಿಗೆ ಬಂದಾಗಿನಿಂದ ಇಳಕಲ್ಲಿನ ಆ ಓಣಿಯಲ್ಲಿ ವಾರಕ್ಕೊಂದು ಸಂಜೆ ಮಗ್ಗದ ಸದ್ದೇ ಅಡಗುತ್ತಿತ್ತು. ಒಬ್ಬ ರಾಜಕುಮಾರ, ಅವನ ರಾಣಿ, ಕೆರೆಯ ತಳದಲ್ಲಿ ಮನೆ ಮಾಡಿಕೊಂಡ ಒಬ್ಬ ಯಕ್ಷಿಣಿ. ರಾಣಿಯ ಬೆರಳಿನ ಉಂಗುರ ಸಿಕ್ಕರೆ ಯಕ್ಷಿಣಿ ಮನುಷ್ಯರ ಹೆಣ್ಣಾಗುತ್ತಾಳೆ; ಕೊಟ್ಟರೆ ರಾಣಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ಮಾತೆಲ್ಲ ಹಿಂದಿ. ಓಣಿಗೆ ಅದನ್ನು ಬಿಡಿಸಿ ಹೇಳುವವಳು ಬಾಳವ್ವ. ಸೊಲ್ಲಾಪುರದಲ್ಲಿ ಸಂಸಾರ ಮಾಡಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅವಳು ಹೇಳುತ್ತಿದ್ದರೆ ಅಂಬವ್ವನ ಗಂಡ ಶಿವಸಂಗಪ್ಪ ಟಿ.ವಿ.ಯನ್ನು ಬಿಟ್ಟು ಅವಳ ಬಾಯಿಯನ್ನೇ ನೋಡುತ್ತಿದ್ದ.

ಅಂಬವ್ವ ಕಿವಿಯಿಂದ ಬೆಳೆದವಳು. ಅಕ್ಷರ ಬಾರದು. ಆದರೆ ಶ್ರಾವಣದಲ್ಲಿ ಮಠದ ಪುರಾಣಕ್ಕೆ ಒಂದು ದಿನವೂ ತಪ್ಪಿಸಿದವಳಲ್ಲ. ಷಟ್ಪದಿಯ ಅರ್ಧ ಪದ್ಯ ಎತ್ತಿಕೊಟ್ಟರೆ ಉಳಿದರ್ಧ ಅವಳ ತುಟಿಯಲ್ಲಿರುತ್ತಿತ್ತು. ಮದುವೆಯಾದ ಮೇಲೆ ಆ ಭಾಗ್ಯ ಮನೆಗೇ ಬಂತು. ಮಾವನ ಕಾಲದ, ರಟ್ಟು ಹರಿದ ಕಾದಂಬರಿಯೊಂದನ್ನು ಶಿವಸಂಗಪ್ಪ ಸಂಜೆಯ ಮುಂದೆ ರಾಗವಾಗಿ ಓದುವನು, ಅವಳು ನೂಲು ಹಿಡಿದು ಕೇಳುವಳು. ಅದರಲ್ಲೂ ಮೂವರೇ: ಗೌಡ, ಗೌಡತಿ, ಹಾಡು ಹೇಳಲು ಬಂದ ಹೆಣ್ಣೊಬ್ಬಳು. ಗಂಡನ ಮನಸ್ಸು ಅತ್ತ ವಾಲಿದ್ದನ್ನು ಕಂಡೂ ಗೌಡತಿ ಆ ಹೆಣ್ಣಿಗೆ ಎಡೆ ಬಡಿಸಿದಾಗ ಅಂಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಹೆಣ್ಣಂದ್ರ ಅಕಿ ನೋಡ್ರಿ,” ಎಂದಿದ್ದಳು. ಓದು ಅಲ್ಲಿಗೇ ನಿಂತಿತ್ತು. ಟಿ.ವಿ. ಬಂದಿತ್ತು.

ಆ ಸಂಜೆ ಅವಳು ಒಲೆ ಆರಿಸಿ ಹೋಗುವಷ್ಟರಲ್ಲಿ ರಂಜಾನಬಿಯ ಪಡಸಾಲೆ ತುಂಬಿತ್ತು. ಶಿವಸಂಗಪ್ಪ ಮುಂದಿನ ಚಾಪೆಯ ಮೇಲೆ, ಕೈಯಳತೆಯಲ್ಲಿ ಬಾಳವ್ವ. ತೆರೆಯ ಮೇಲೆ ಯಕ್ಷಿಣಿ ಕೈಚಾಚಿ ಅಳುತ್ತಿದ್ದಳು. ರಾಣಿ ಉಂಗುರವನ್ನು ಬೆರಳಿನಿಂದ ಕಿತ್ತಳು, ತನ್ನ ಬಾಯಿಗೆ ಹಾಕಿಕೊಂಡು ನುಂಗಿಯೇಬಿಟ್ಟಳು.

“ಯಾ ಅಲ್ಲಾ!” ರಂಜಾನಬಿ ತೊಡೆ ಬಡಿದುಕೊಂಡಳು. “ಭಾಳ ಚಲೋ ಮಾಡಿದ್ಳು! ನಮ್ಮ ಮನಿಯಾವ್ರು ಆ ಗುಳೇದಗುಡ್ಡದಾಕಿ ಹಿಂದ ತಿರುಗುವಾಗ ನನಗೂ ಒಂದು ಉಂಗುರ ಇತ್ತಂದ್ರ ನುಂಗತಿದ್ದೆ. ಹೊಟ್ಟಿ ಸೈತ ತುಂಬತಿತ್ತು.”

ಎಲ್ಲರೂ ನಕ್ಕರು. ಅಂಬವ್ವ ನಗಲಿಲ್ಲ. “ಛೇ, ರಾಣಿ ಅಂದ್ರ ಹಿಂಗಿರಬಾರ್ದವಾ. ನಮ್ಮ ಕಾದಂಬರ್ಯಾಗ ಗೌಡತಿ ಅದಾಳ, ಬಂದಾಕಿಗೆ ಎಡಿ ಮಾಡಿ ನೀಡ್ತಾಳ. ಇಕಿ ನೋಡು, ನಾಯಿ ಎಲುವು ನುಂಗಿಧಂಗ.”

ಅವಳು ಹೇಳಿದ್ದು ಗಂಡ ಕೇಳಲಿ ಎಂದು. ತಿರುಗಿದವಳು ಮಾತ್ರ ಬಾಳವ್ವ.

“ಎಡಿ ಅಷ್ಟ ಅಲ್ಲಬೇ ಅಕ್ಕಾ,” ಎಂದಳು ಉಮೇದಿಯಿಂದ. “ಮುಂದ ಗೌಡತಿನ ತನ್ನ ಕೈಯಾರೆ ಸೀರಿ ತಂದು ಅಕಿಗೆ ಉಡಸ್ತಾಳ. ನಾ ಓದ್ಕೋತ ಅತ್ತೇ ಬಿಟ್ಟೆ.”

“ನೀ ಓದಿದಿ?”

“ಹೂಂ. ಅಣ್ಣಾವ್ರು ಕೊಟ್ಟಿದ್ರಲ್ಲ.”

ಶಿವಸಂಗಪ್ಪ ಆಂಟೆನಾ ತಿರುಗಿಸಬೇಕೇನೋ ಎಂಬಂತೆ ಮಾಳಿಗೆಯ ಕಡೆ ನೋಡಿದ. ಚಿತ್ರ ಸ್ವಚ್ಛವಾಗಿಯೇ ಇತ್ತು.

ಅಂಬವ್ವ ಎದ್ದು ಬಂದಳು. ದೇವರ ಜಗಲಿಯ ಪಕ್ಕದ ಗೂಡಿಗೆ ಕೈಹಾಕಿದರೆ ಬೆರಳಿಗೆ ವಿಭೂತಿಯ ಉಂಡೆ ಸಿಕ್ಕಿತು, ಪುಸ್ತಕ ಸಿಗಲಿಲ್ಲ. ಪುರಾಣ ಹಚ್ಚಿದ ಮೇಲೆ ಮಂಗಲವಾಗುವ ತನಕ ಗ್ರಂಥವನ್ನು ಪೀಠದಿಂದ ಕದಲಿಸಬಾರದು. ಇದು ಪುರಾಣವಲ್ಲ, ನಿಜ. ಆದರೂ ಅರ್ಧ ಕೇಳಿದವಳು ಮನೆಯಲ್ಲಿ ಕೂತಿರುವಾಗ ಪೂರ್ತಿ ಮತ್ತೊಬ್ಬಳ ಮನೆಗೆ ಹೋಯಿತಲ್ಲ! ಗೌಡತಿ ಸೀರೆ ಉಡಿಸುವುದನ್ನು ಅವಳು ಗಂಡನ ದನಿಯಲ್ಲಿ ಕೇಳಬೇಕಿತ್ತು. ಕೇಳಿದ್ದು ಬಾಳವ್ವನ ದನಿಯಲ್ಲಿ. ಎದೆಯೊಳಗೆ ಒಂದು ಮುಳ್ಳು ಮುರಿದು ಕೂತಿತು.

ಶಿವಸಂಗಪ್ಪ ಹಿಂದೆಯೇ ಬಂದ. ಊಟಕ್ಕೆ ಕೂರಲಿಲ್ಲ. ಮಗ್ಗದ ಬಳಿ ಹೋಗಿ, ತೊಲೆಗೆ ಸಿಕ್ಕಿಸಿದ್ದ ಗಂಟು ಬಿಚ್ಚಿ ಕೆಂಪು ರೇಷ್ಮೆಯ ಹಾಸನ್ನು, ಇನ್ನೂ ನೇಯದ ಉದ್ದೆಳೆಗಳನ್ನು, ಅವಳ ಮುಂದೆ ಹರವಿದ.

ಇಳಕಲ್ಲಿನ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದು ಮನೆಯ ಹೆಂಗಸಿನ ಬೆರಳಿನ ಕೆಲಸ. ನೇಯುವ ಗಂಡಸು ಎಂಥ ಜಾಣನಾದರೂ ಅಲ್ಲಿ ಅವಳಿಗಾಗಿ ಕಾಯಲೇಬೇಕು. ಅಂಬವ್ವ ಕಾಯಿಸಿದವಳಲ್ಲ. ಇವತ್ತು ಮಾತ್ರ ಹಾಸನ್ನು ಮುಟ್ಟದೆ ಕೇಳಿದಳು:

“ಯಾರದಿದು?”

“ಬಾಳವ್ವಗ. ಪಾಪ, ಬಿಳೀದು ಉಟ್ಟು ಉಟ್ಟು...”

ಅವನು ಮಾತು ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ಗಂಡ ಸತ್ತವಳಿಗೆ ಗಂಡಸೊಬ್ಬ ಸೀರೆ ಕೊಟ್ಟರೆ ಅವರ ಕುಲದಲ್ಲಿ ಅದು ಬರಿಯ ಸೀರೆಯಲ್ಲ, ಉಡಿಕೆ. ಬಾಜಾ ಬೇಡ, ಹಂದರ ಬೇಡ. ಅವಳು ಉಟ್ಟುಕೊಂಡಳೆಂದರೆ ಮದುವೆಯಾಯಿತು, ಮನೆ ಹೊಕ್ಕಳು.

“ಅಂದ್ರ ಉಡಿಕಿ ಮಾಡ್ಕೊಳ್ಳಾವ್ರು.”

“ನಿನ್ನನೇನು ಹೊರಗ ಹಾಕ್ತೇನೇನು? ಹಿರೇತನ ನಿಂದ. ಮೂರೂ ಮಂದಿ ಕೂತು ಓದೋಣು, ಅಕಿಗೂ ಓದಾಕ ಬರ್ತೈತಿ.”

“ಅಕಿಗೆ ಓದಾಕ ಬರ್ತೈತಿ,” ಎಂದಳು ಅಂಬವ್ವ. “ಕೊಂಡಿ ಹಾಕಾಕ ಬರಂಗಿಲ್ಲೇನು?”

“ಹಂಗ್ಯಾಕ ಮಾತಾಡ್ತಿ? ಗೌಡತಿ ಎಡಿ ಬಡಿಸಿದಾಗ ಕಣ್ಣೀರು ಹಾಕಿದಾಕಿ ನೀನ. ಹೆಣ್ಣಂದ್ರ ಅಕಿ ಅಂದಾಕಿ ನೀನ. ಈಗಷ್ಟ ಓಣಿ ಮಂದಿ ಮುಂದನೂ ಅಂದಿ.”

ಅಂದದ್ದು ಖರೆ. ಗೌಡತಿಯ ಸಲುವಾಗಿ ಅತ್ತದ್ದೂ ಖರೆ. ಆದರೆ ಅಳುವಾಗ ಅವಳ ಎದುರಿಗೆ ಗಂಡ ಓದುತ್ತಿದ್ದ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ; ಕಳೆದುಕೊಂಡವಳು ಪುಸ್ತಕದೊಳಗಿದ್ದಳು. ಉಂಗುರದ ರುಚಿ ಹೇಗಿರುತ್ತದೋ ಎಂದು ಆ ಸಂಜೆ ಮೊದಲ ಸಲ ಅವಳ ನಾಲಿಗೆಗೆ ಅನಿಸಿತು. ಕಬ್ಬಿಣದ ಹಾಗಿರಬೇಕು, ರಕ್ತದ ಹಾಗಿರಬೇಕು.

ಶಿವಸಂಗಪ್ಪ ಹಾಸಿನ ತುದಿಯನ್ನು ಅವಳ ಮಡಿಲಿಗೆ ಸರಿಸಿದ. ದನಿ ಇಳಿದಿತ್ತು, ಕಾದಂಬರಿ ಓದುವಾಗಿನ ಅದೇ ರಾಗ ಬಂದಿತ್ತು. “ಹಾಕು ಅಂಬವ್ವಾ. ನಿನ್ನ ಕೈಯಿಲ್ಲದ ಇದು ಸೀರಿ ಆಗಂಗಿಲ್ಲ. ಗೌಡತಿಯಂಥಾ ದೊಡ್ಡ ಮನಸು ನಿಂದು.”

ಅಂಬವ್ವ ಕೆಂಪು ಎಳೆಗಳನ್ನು ಒಂದೂ ತೊಡಕಾಗದಂತೆ ಮಡಿಚಿದಳು, ಅವನ ತೊಡೆಯ ಮೇಲಿಟ್ಟಳು.

“ಗೌಡತಿ ದೊಡ್ಡಾಕಿ. ಪುಸ್ತಕದಾಗಿಂದ ಅಕಿನ್ನ ಕರಕೊಂಡು ಬಂದು ಹಾಕಿಸ್ಕೋರಿ. ನಾ ಹಾಕಂಗಿಲ್ಲ.”