ಐವತ್ತರ ಗೆರೆ

1958ರ ಜುಲೈ 12, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬಾಗಲಕೋಟೆಯ ಕಾಲೇಜೊಂದರ ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮಹಾಗುಂಡಪ್ಪ ಎಡಗೈ ಮುಂದೆ ಚಾಚಿ ನಿಂತಿದ್ದ. ಅಂಗೈಯಲ್ಲಿ ಗಾಜಿನ ಅಳತೆಕೊಳವೆ. ಎಂದೋ ಬಾಯಿ ಒಡೆದು ಮೂಲೆಗೆ ಬಿದ್ದಿದ್ದ ಅದನ್ನು ಅವನೇ ಅರದಿಂದ ಉಜ್ಜಿ, ಐವತ್ತು ಸಿ.ಸಿ.ಯ ಗೆರೆಗೆ ಸರಿಯಾಗಿ ಅಂಚು ಬರುವಂತೆ ಮಾಡಿಕೊಂಡಿದ್ದ. ಅಂಚಿನವರೆಗೂ ನೀರು ತುಂಬಿತ್ತು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವ ತನಕ ಹಾಗೇ ಹಿಡಿಯಬೇಕು. ಆಮೇಲೆ ಮೇಜಿನ ಮೇಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಮೂರು ವರ್ಷದಿಂದ ಪ್ರತಿ ಶನಿವಾರ ಹುಡುಗರು ಬರುವ ಮೊದಲು ಅವನು ಇದನ್ನು ಮಾಡುತ್ತಿದ್ದ. ಪ್ರತಿ ಸಲವೂ ಐವತ್ತು.

ಮುಳ್ಳು ಮುಕ್ಕಾಲು ಸುತ್ತು ಬಂದಿತ್ತು. ಬಾಗಿಲು ಧಡ್ಡನೆ ತೆರೆಯಿತು.

"ಸರ, ತಂತಿ ಬಂದೈತ್ರಿ! ಇಳಕಲ್ಲಿಂದ!"

ನೀರು ಮೊಣಕೈತನಕ ಹರಿಯಿತು. ಜವಾನನ ಕೈಯಿಂದ ಕಾಗದ ತೆಗೆದುಕೊಳ್ಳುವ ಮೊದಲು ಮಹಾಗುಂಡಪ್ಪ ಕೊಳವೆಯನ್ನು ನೋಡಿದ. ನಲವತ್ತೇಳು. ಬಾಗಿಲ ಸದ್ದಿಗೆ ಚೆಲ್ಲಿತೋ, ಸದ್ದಿಗಿಂತ ಮೊದಲೇ ಚೆಲ್ಲಿತ್ತೋ?

ತಂತಿಯಲ್ಲಿ ಒಂದೇ ಸಾಲಿತ್ತು: ತಂದೆ ತೀರಿಕೊಂಡರು, ಕೂಡಲೇ ಬಾ.

ಜವಾನ ಹೋದ ಮೇಲೆ ಅವನು ಒದ್ದೆ ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಯಾಕೆಂದು ಅವನಿಗೇ ತಿಳಿಯಲಿಲ್ಲ.

*

ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಮಾರುವವನು ಕಿಟಕಿಗೆ ಬಂದ. ರೇಣವ್ವ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಬೇಡವೆಂದು ತಲೆಯಾಡಿಸಿದಳು. ಅವಳಿಗೆ ಆರು ತಿಂಗಳು. ಗಂಡನ ಎಡಗೈ ತೊಡೆಯ ಕೆಳಗೆ ಸಿಕ್ಕಿಕೊಂಡಂತೆ ಇರುವುದನ್ನು ಅವಳು ಬಾಗಲಕೋಟೆಯಿಂದಲೇ ನೋಡುತ್ತಿದ್ದಳು.

"ಕೈ ಜೋಮು ಹಿಡೀತೈತಿ, ತಗೀರಿ."

"ಇರ್ಲಿ ಬಿಡು."

ಮದುವೆಯಾಗಿ ಎರಡು ವರ್ಷವಾದರೂ ಅವನು ಅವಳಿಗೆ ಒಂದು ಮಾತು ಹೇಳಿರಲಿಲ್ಲ. ಅಪ್ಪನ ಕೈಕಾಲು ತಮ್ಮಷ್ಟಕ್ಕೆ ತಾವೇ ಕುಣಿಯುವ ರೋಗ ಯಾವುದು ಎಂಬುದು ಅವನಿಗೆ ಪುಣೆಯಲ್ಲಿ ಓದುವಾಗಲೇ ಗೊತ್ತಾಗಿತ್ತು. ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟ ಇತ್ತು. ಮೂವತ್ತೈದು ದಾಟುವ ಹೊತ್ತಿಗೆ ಶುರುವಾಗುತ್ತದೆ, ಔಷಧವಿಲ್ಲ, ತಂದೆಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ನೂರಕ್ಕೆ ಐವತ್ತು. ಮಹಾಗುಂಡಪ್ಪನಿಗೆ ಈಗ ಮೂವತ್ನಾಲ್ಕು. ಅವನಿಗೆ ಇದ್ದರೆ, ಹೊಟ್ಟೆಯೊಳಗಿನದಕ್ಕೂ ಮತ್ತೆ ಐವತ್ತು.

ಇಳಕಲ್ಲಿನ ಮನೆಯ ಮುಂದೆ ಓಣಿಯ ನೇಕಾರರು ಮಗ್ಗ ನಿಲ್ಲಿಸಿ ಬಂದು ಕೂತಿದ್ದರು. ಮಹಾಗುಂಡಪ್ಪನ ಸೋದರತ್ತೆ ಗುರುಸಿದ್ದವ್ವ ಹೊಸ್ತಿಲಲ್ಲೇ ರೇಣವ್ವನನ್ನು ತಡೆದಳು. ಸತ್ತ ತಮ್ಮನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳ ಕೈ ಮಾತ್ರ ಇನ್ನೂ ಕಲ್ಲಿನಂತೆ ಅಲುಗದೆ ಇತ್ತು.

"ಬಸರ ಹೆಂಗಸು ನೀ, ಹೆಣದ ಕಡಿ ನೋಡಬ್ಯಾಡ. ಹಿತ್ತಲ ಬಾಗಲ್ಲೆ ಒಳಗ ಹೋಗು. ಗುಂಡ್ಯಾ, ನೀ ಬಾ. ಕೈ ಯಾಕ್ ಕಿಸೇದಾಗ ಇಟಗೊಂಡೀ? ತಗಿ, ನೋಡೂಣು."

"ಏನ್ ನೋಡ್ತೀ ಅತ್ತಿ?"

"ಏನಿಲ್ಲ. ಮಾಸ್ತರ ಕೈ ಹೆಂಗಿರ್ತೈತಿ ಅಂತ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು, ಸಂತೆಯಲ್ಲಿ ಬೆಂಡೆಕಾಯಿ ನೋಡುವಂತೆ. ಕಿರುಬೆರಳಿನ ಹತ್ತಿರ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ಹಿಡಿದಳು. ಕಟ್ಟೆಯ ಮೇಲೆ ಕೂತ ನೇಕಾರರೆಲ್ಲ ಅದನ್ನೇ ನೋಡುತ್ತಿದ್ದರು.

*

1941ರಲ್ಲಿ ಮಹಾಗುಂಡಪ್ಪನಿಗೆ ಹದಿನೇಳು. ಅವನ ಅಪ್ಪ ಶಂಕ್ರಪ್ಪ ಆಗ ಇಡೀ ಓಣಿಗೆ ಕೊಂಡಿ ಹಾಕುವವನು. ಇಳಕಲ್ ಸೀರೆಯ ಮೈಯ ಹಾಸು, ಎಂದರೆ ಮಗ್ಗಕ್ಕೆ ಕಟ್ಟುವ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಮೈಯ ನೂಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆ ಕೊಕ್ಕೆಯಂತೆ ಸಿಕ್ಕಿಸಬೇಕು; ಅದೇ ಕೊಂಡಿ. ಒಂದು ಎಳೆ ತಪ್ಪಿದರೆ ಸೆರಗಿನ ಕೊನೆಯ ತನಕ ಆ ತಪ್ಪು ಗೆರೆಯಾಗಿ ಓಡುತ್ತದೆ. ಅದಕ್ಕೆ ಓಣಿಯವರು "ಎಳಿ ಹಾರೈತಿ" ಎನ್ನುತ್ತಾರೆ.

ಆ ವರ್ಷ ಶಂಕ್ರಪ್ಪನ ಕೊಂಡಿಗಳಲ್ಲಿ ಎಳೆ ಹಾರತೊಡಗಿತು. ಆಮೇಲೆ ಅವನ ಭುಜ ಹಾರಿತು, ಆಮೇಲೆ ನಡಿಗೆ. ಸಂತೆಯಿಂದ ಬರುವಾಗ ಓಣಿಯ ಎರಡೂ ಗೋಡೆ ಸವರಿಕೊಂಡು ಬರುತ್ತಿದ್ದ. "ಶಂಕ್ರಪ್ಪ ಶೆರೆ ಕುಡ್ಯಾಕ ಹತ್ಯಾನ" ಎಂದು ಯಾರೋ ಅಂದರು, ಎಲ್ಲರೂ ನಂಬಿದರು. ಕೊಂಡಿಯ ಕೆಲಸ ಬಿಡಿಸಿದರು.

ಮಗನೂ ನಂಬಿದ. ಒಂದು ಸಂಜೆ ಅಪ್ಪ ನಡುಮನೆಯಲ್ಲಿ ಎಡವಿ ಬಿದ್ದಾಗ, ಎಬ್ಬಿಸುವ ಬದಲು, ಬಗ್ಗಿ ಅಪ್ಪನ ಬಾಯಿ ಮೂಸಿದ. ಬೆಳ್ಳುಳ್ಳಿಯ ಚಟ್ನಿಯ ವಾಸನೆ, ಅಷ್ಟೇ.

ಶಂಕ್ರಪ್ಪ ಬಿದ್ದಲ್ಲಿಂದಲೇ ಕೇಳಿದ: "ಆತೇನು? ನೋಡಿದೀ?"

*

ನಡುಮನೆಯಲ್ಲಿ ಶಂಕ್ರಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ಎರಡು ಎಸಳು ಪತ್ರಿ. ಅವ್ವ ಸಂಗವ್ವ ಪಕ್ಕದಲ್ಲಿ ಕೂತು ಆ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಬೆಳಕ ಹರಿಯೂದ್ರಾಗ ನಾನೇ ಕೈ ಮಡಚಿ ಕೂಡ್ಸೇನಿ," ಎಂದರು ರಾಚಯ್ಯ, ಕ್ರಿಯೆ ಮಾಡಿಸಲು ಬಂದ ಅಯ್ಯನವರು. "ಅವಾಗಿಂದ ನಿಮ್ಮವ್ವ ಬಿಟ್ಟಿಲ್ಲ. ತಂಗೀ, ಬಿಡವಾ. ಇನ್ನ ಬೀಳೂದಿಲ್ಲದು."

ಸಂಗವ್ವ ಬಿಡಲಿಲ್ಲ. ಹದಿನೇಳು ವರ್ಷ ಪ್ರತಿ ಮುಂಜಾನೆ ಅವಳು ಹೀಗೇ ಹಿಡಿದಿದ್ದಳು. ಕೈ ಕುಣಿಯುವವನ ಅಂಗೈಯಲ್ಲಿ ಲಿಂಗ ನಿಲ್ಲುವುದಿಲ್ಲ. ಲಿಂಗ ನೆಲಕ್ಕೆ ಬಿದ್ದರೆ ಶಂಕ್ರಪ್ಪ ಅನ್ನ ಮುಟ್ಟುವವನಲ್ಲ. ಅದಕ್ಕೆ ಅವನು ಪೂಜೆ ಮಾಡಿದ, ಅವಳು ಕೈಯಾದಳು.

"ಯವ್ವಾ," ಎಂದ ಮಹಾಗುಂಡಪ್ಪ.

"ಭಾಳ ಸುಮ್ನ ಐತೋ ಕೈ," ಎಂದಳು ಅವಳು. "ಇಷ್ಟ ಸುಮ್ನ ನಾ ನೋಡೇ ಇಲ್ಲ. ಅಂಜಿಕಿ ಬರ್ತೈತಿ."

ಅಡುಗೆಮನೆಯಿಂದ ಶಹರಬಾನುವಿನ ದನಿ ಕೇಳುತ್ತಿತ್ತು. ಪಕ್ಕದ ಮನೆಯವಳು. ಎಷ್ಟೋ ವರ್ಷ ಹಾಸಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಶಂಕ್ರಪ್ಪ ಕೂತು ಕೊಂಡಿ ಹಾಕಿದ್ದರು. ಹೊರಗಿನ ಕಟ್ಟೆಗೂ ಕೇಳಲೆಂದೇ ಅವಳು ದನಿ ಎತ್ತಿದ್ದಳು.

"ಕುಡದಾನ ಅಂದ್ರು, ನಿಮ್ಮ ಮಂದಿ. ಒಂದ್ ದಿನಾ ಹನಿ ಮುಟ್ಟಲಿಲ್ಲ ಶಂಕ್ರಪ್ಪಣ್ಣ! ನಾ ಎದ್ರಿಗೇ ಕೂತಾಕಿ, ನನಗೊತ್ತು. ಮೊದಲ ಎಡಗೈ ಕಿರಿಬಳ್ಳು ಹಾರ್ತು. ಒಂದೇ ಬಳ್ಳು, ನೊಣ ಕೂತಾಂಗ. 'ಅಣ್ಣಾ, ನಿನ್ನ ಬಳ್ಳು ಅಲಗಾಡತೈತಿ' ಅಂದೆ. 'ಎಲ್ಲಿ ಬಿಡವಾ, ನನ್ನ ಕೈ ಸುಮ್ನೇ ಐತಿ' ಅಂದಾ. ಅಂವಗ ಗೊತ್ತಽ ಆಗ್ತಿದ್ದಿಲ್ಲ, ರೇಣವ್ವಾ. ನೋಡಾವ್ರಿಗೆ ಕಾಣ್ತಿತ್ತು, ಅಂವಗ ತಿಳೀತಿದ್ದಿಲ್ಲ."

"ಅವ್ರ ತಾಯಿಗೂ ಹಿಂಗಽ ಇತ್ತಂತಲ್ಲ?" ರೇಣವ್ವನ ದನಿ.

ತಂಬಿಗೆ ನೆಲಕ್ಕಿಟ್ಟ ಸದ್ದಾಯಿತು.

"ಹೂಂ. ತಾಯಿಗಿತ್ತು. ಗುರುಸಿದ್ದವ್ವಗ ಬರಲಿಲ್ಲ. ಇಂವಗ ಬಂತು."

ಮಹಾಗುಂಡಪ್ಪ ತನ್ನ ಕಿರುಬೆರಳನ್ನು ನೋಡಿದ. ಅದು ಸುಮ್ಮನೇ ಇತ್ತು. ಸುಮ್ಮನಿದೆ ಎಂದು ತನಗೆ ಅನ್ನಿಸುವುದಕ್ಕೆ ಬೆಲೆಯೇ ಇಲ್ಲವೆಂಬುದು ಅವನಿಗೆ ಈಗ ತಿಳಿಯಿತು. ಪುಸ್ತಕದ ಒಂದೂವರೆ ಪುಟದಲ್ಲಿ ಈ ಮಾತು ಇರಲಿಲ್ಲ.

*

ಹೋದ ವರ್ಷ ಬೇಸಗೆಯ ರಜೆಯಲ್ಲಿ ಶಂಕ್ರಪ್ಪ ಮಗನನ್ನು ಕೇಳಿದ್ದ. ನಾಲಿಗೆಯೂ ಕುಣಿಯುತ್ತಿದ್ದ ಕಾಲ. ಒಂದೊಂದು ಮಾತಿಗೂ ಕಾಯಬೇಕಾಗುತ್ತಿತ್ತು.

"ಸಾಲ್ಯಾಗ ಹುಡುಗರಿಗೆ ಏನ್ ಕಲಸ್ತೀಪಾ ನೀ?"

"ವರ್ಣತಂತು ಅಂತ ಇರ್ತಾವಪ್ಪಾ, ಮೈಯಾಗಿನ ಒಂದೊಂದು ಕಣದಾಗ."

"ವರ್ಣತಂತು ಅಂದ್ರ ಬಣ್ಣದ ಎಳಿ."

"ಹೌದು. ಬಣ್ಣ ಹಾಕಿದ್ರ ಕಾಣ್ತಾವು, ಅದಕ್ಕ ಆ ಹೆಸರು. ಜೋಡಿ ಜೋಡಿ ಇರ್ತಾವು. ಅಪ್ಪನ ಜೋಡಿಯೊಳಗ ಒಂದು, ಅವ್ವನ ಜೋಡಿಯೊಳಗ ಒಂದು ಕೂಸಿಗೆ ಬರ್ತಾವು."

"ಅಂದ್ರ ಕೊಂಡಿ." ಶಂಕ್ರಪ್ಪನ ಮುಖ ಬೆಳಗಿತು. "ಎಷ್ಟ್ ಎಳಿ?"

"ನಲವತ್ತಾರು. ಮೊದಲ ಎಲ್ಲಾರೂ ನಲವತ್ತೆಂಟು ಅಂತಿದ್ರು. ನಾನೂ ಹಂಗಽ ಕಲಿಸೇನಿ. ಮೊನ್ನೆ ಮೊನ್ನೆ ಸರಿಯಾಗಿ ಎಣಿಸಿ ನೋಡಿದ್ರ ನಲವತ್ತಾರೇ ಇದ್ದೂವು."

"ಇಷ್ಟ್ ವರ್ಷ ತಪ್ಪ್ ಎಣಸಿದ್ರಾ?" ಶಂಕ್ರಪ್ಪ ನಕ್ಕ, ನಗುವಾಗ ತಲೆ ಒಂದು ಪಕ್ಕಕ್ಕೆ ಎಗರಿತು. "ನನಗ ಕೆಲಸಾ ಬಿಡಿಸಿದ್ರಲ್ಲೋ, ಎರಡ ಎಳಿಗೆ!"

ಸ್ವಲ್ಪ ಹೊತ್ತಿನ ಮೇಲೆ ನಗು ಹೋಯಿತು.

"ಗುಂಡ್ಯಾ. ನನ್ನೊಳಗ ತಪ್ಪಿದ ಎಳಿ ನಿನಗ ಬಂದೈತೇನು?"

"ಗೊತ್ತಿಲ್ಲಪ್ಪಾ."

"ಬಂದಿದ್ರ ಬಿಚ್ಚಿ ಕಟ್ಟಾಕ ಬರ್ತೈತೇನು?"

"ಇಲ್ಲ."

ಶಂಕ್ರಪ್ಪ ಮಗನ ಕೈ ಹಿಡಿಯಲು ಹೋದ. ಕೈ ಗುರಿ ತಪ್ಪಿ ಎರಡು ಸಲ ಗಾಳಿಗೆ ಬಡಿಯಿತು. ಮೂರನೆಯ ಸಲ ಸಿಕ್ಕಿತು.

*

ನಾಲ್ಕು ಗಂಟೆಗೆ ಊರ ಹೊರಗಿನ ರುದ್ರಭೂಮಿಯಲ್ಲಿ, ಸಮಾಧಿಗೆ ತೋಡಿದ ಗವಿಯೊಳಗೆ ಶಂಕ್ರಪ್ಪನನ್ನು ಕೂಡಿಸಿದರು. ಮಹಾಗುಂಡಪ್ಪ ಇಳಿದು ಅಂಗೈಯ ಮೇಲೆ ನೀರು ಹನಿಸಿದ, ಪತ್ರಿ ಏರಿಸಿದ. ಮೇಲೆ ದುಂಡಗೆ ನಿಂತ ಮುಖಗಳೆಲ್ಲ ಸತ್ತವನ ಕೈ ಬಿಟ್ಟು ಅವನ ಕೈ ನೋಡುತ್ತಿದ್ದವು. ಮೇಲೆ ಹತ್ತುವಾಗ, ಹಿಂದೆ ಕೆಲಸ ಬಿಡಿಸಿದವರಲ್ಲಿ ಒಬ್ಬ ಮುದುಕ ಅವನ ರಟ್ಟೆ ಹಿಡಿದು ಎಳೆದುಕೊಂಡ.

"ನಮಗ ತಿಳೀಲಿಲ್ಲಪಾ," ಎಂದ. "ಶೆರೆ ಅಂದ್ಕೊಂಡಿವಿ. ಶೆರೆ ಆಗಿದ್ರ ಚಲೋ ಇತ್ತು."

ಮನೆಗೆ ಬಂದಾಗ ಹಿತ್ತಲಲ್ಲಿ ಇನ್ನೂ ಬಿಸಿಲಿತ್ತು. ಅವನು ಮೈಮೇಲೆ ನೀರು ಹಾಕಿಕೊಂಡು ನಿಂತಾಗ ರೇಣವ್ವ ಒಣಗಿದ ಪಂಜೆ ತಂದಳು. ಇನ್ನೊಂದು ಕೈಯಲ್ಲಿ ಕರವಸ್ತ್ರದ ಗಂಟು.

"ಚೀಲದಾಗ ಇತ್ತು. ಏನಿದು?"

ಅವನು ಹೇಳಿದ. ಒಂದೂವರೆ ಪುಟ, ಮೂವತ್ತೈದು ವರ್ಷ, ನೂರಕ್ಕೆ ಐವತ್ತು, ಶನಿವಾರಗಳು. ಮುಂಜಾನೆಯ ನಲವತ್ತೇಳು. ಮುಗಿದ ಮೇಲೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತಳು.

"ಮದಿವಿಗಿಂತ ಮೊದಲ ಹೇಳಬೇಕಾಗಿತ್ತು ನೀವು."

"ಹೌದು."

"ಈಗ ಹಿಡೀರಿ. ಇಲ್ಲಿ ಬಾಗಲಾ ಬಡಿಯಾಕ ಯಾರೂ ಇಲ್ಲ. ನಾ ನೋಡ್ತೇನಿ."

ಅವನು ಕೊಡದಿಂದ ಕೊಳವೆಗೆ ಐವತ್ತರ ಗೆರೆಯವರೆಗೆ ನೀರು ತುಂಬಿದ, ಎಡ ಅಂಗೈಯಲ್ಲಿಟ್ಟು ಕೈ ಚಾಚಿದ. ಕೈಗಡಿಯಾರ ಅವಳ ತೊಡೆಯ ಮೇಲಿತ್ತು. ಅವನು ಕಣ್ಣು ಮುಚ್ಚಿಕೊಂಡ. ಒಳಗೆ ಯಾರೋ ಅವ್ವನಿಗೆ ನೀರು ಕುಡಿಸುತ್ತಿದ್ದರು. ಓಣಿಯಲ್ಲಿ ಒಂದು ಮಗ್ಗ, ಯಾರೋ ತಡೆಯಲಾರದೆ, ಲಟಕ್ ಲಟಕ್ ಎಂದು ಶುರುವಾಗಿ ಮತ್ತೆ ನಿಂತಿತು. ಕೈ ತನ್ನದೇ ಎನ್ನಿಸುವಷ್ಟು ಗಟ್ಟಿಯಾಗಿತ್ತು, ಗೋಡೆಗೆ ಹೊಡೆದ ಗೂಟದಂತೆ.

"ಆತು," ಎಂದಳು ರೇಣವ್ವ.

"ನೋಡಿದಿಲ್ಲೋ? ಒಂದೀಟೂ ಅಲಗಲಿಲ್ಲ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ನನ್ನ ಕೈ ಸುಮ್ನೇ ಐತಿ."

ಅವನು ಕಣ್ಣು ತೆರೆದಾಗ ಅವಳು ಎದ್ದು ಬಂದು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದಳು. ಚಾಚಿದ ಕೈಯ ಕೆಳಗೆ ಬಾವಿಯ ಒಣ ಕಲ್ಲಿನ ಮೇಲೆ ನೀರಿನ ಎರಡು ಕಪ್ಪು ಕಲೆಗಳು ಬಿಸಿಲಿಗೆ ಆರುತ್ತಿದ್ದವು. ಕೊಳವೆಯಲ್ಲಿ ನೀರು ಈಗ ಅಲುಗದೆ ನಿಂತಿತ್ತು. ನಲವತ್ತೆಂಟು ಸಿ.ಸಿ.