ನೂರಕ್ಕೆ ನೂರು

"ನೂರು ಅಂದ್ರೆ ನೂರು. ಕಣ್ಣಿಗೆ ಕಾಣೋದಿಲ್ವೇನಮ್ಮ?" ಎನ್ನುತ್ತ ಮುಖ್ಲಿಸ್ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಸಣ್ಣ ಅಂಕಿಯ ಮೇಲೆ ಬೆರಳಿಟ್ಟ.

ಮಗಳು ಲುಬ್ನಾ ಆ ಅಂಕಿಯ ಕಡೆ ನೋಡಲೇ ಇಲ್ಲ. ಅವಳ ಮುಂದೆ ಎರಡು ಲ್ಯಾಪ್‌ಟಾಪುಗಳು ತೆರೆದಿದ್ದವು. ಐದು ವರ್ಷದ ಹಿಂದೆ ಒಂದೇ ದಿನ, ಡಮಾಸ್ಕಸ್ಸಿನ ಒಂದೇ ಅಂಗಡಿಯಿಂದ ತಂದ ಅವಳಿ ಜವಳಿ. ಒಂದು ಅಪ್ಪನದು, ಇನ್ನೊಂದು ಅತ್ತೆ ಹಸ್ನಾಳದು. ಅಪ್ಪನದು ನಿನ್ನೆ ತಾನೇ ಪೆಟ್ಟಿಗೆಯಿಂದ ತೆಗೆದಂತೆ ಮಿರಿಮಿರಿ ಮಿಂಚುತ್ತಿತ್ತು. ಅತ್ತೆಯದರ ಒಂದು ಮೂಲೆ ಸೀಳಿತ್ತು. ಕೀಲಿಗಳ ಸಂದಿಯಲ್ಲಿ ಕಳೆದ ಹಬ್ಬಕ್ಕೆ ಮಾಡಿದ ಖರ್ಜೂರದ ಮಿಠಾಯಿಯ ರವೆ ಇನ್ನೂ ಕೂತಿತ್ತು. ಲುಬ್ನಾ ಎರಡರಿಂದಲೂ ಬ್ಯಾಟರಿಯ ವರದಿ ತೆಗೆಸಿ ಅಕ್ಕಪಕ್ಕ ಇಟ್ಟು ನೋಡುತ್ತಿದ್ದಳು.

"ಅಪ್ಪ, ನೂರು ಅಂದ್ರೆ ಪಾತ್ರೆ ತುಂಬಿದೆ ಅಂತ. ಪಾತ್ರೆ ಎಷ್ಟು ದೊಡ್ಡದು ಅಂತ ಅಲ್ಲ. ಹೊಸದರಲ್ಲಿ ನಿಮ್ಮದೂ ಅತ್ತೇದೂ ಒಂದೇ ಅಳತೆಯ ಚೊಂಬು. ಅತ್ತೇದರಲ್ಲಿ ಇವತ್ತಿಗೂ ಮುಕ್ಕಾಲು ಚೊಂಬು ಹಿಡಿಯತ್ತೆ. ನಿಮ್ಮದು ಕುಗ್ಗಿ ಕುಗ್ಗಿ ಬಟ್ಟಲಾಗಿದೆ. ಆ ಬಟ್ಟಲು ತುಂಬಿಸ್ಕೊಂಡು ನೂರು ಅಂತಿದೆ."

"ಹೊಟ್ಟೆಕಿಚ್ಚಿನ ವರದಿ ಇದು. ನಾನು ಇದನ್ನ ಹೂವಿನ ಹಾಗೆ ನೋಡ್ಕೊಂಡಿದೀನಿ. ಒಂದು ದಿನಾನೂ ಪ್ಲಗ್ಗಿಂದ ತೆಗೆದಿಲ್ಲ. ಕರೆಂಟ್ ಇಲ್ಲದಾಗ ಮುಟ್ಟಿಲ್ಲ. ಧೂಳು ಕೂರಬಾರದು ಅಂತ ನಿಮ್ಮಮ್ಮನ ಕಸೂತಿ ಬಟ್ಟೆ ಹೊದಿಸಿದೀನಿ."

"ಅದಕ್ಕೇ ಹೀಗಾಗಿರೋದು. ಹೊಟ್ಟೆ ತುಂಬಿದ್ಮೇಲೂ ಬಡಿಸ್ತಾನೇ ಇದ್ದು, ಬೇಸಿಗೇಲೂ ಕಂಬಳಿ ಹೊದಿಸಿ ಮಲಗಿಸಿದ್ರೆ ಯಾರ ಮೈಗೆ ತಾನೆ ಒಗ್ಗತ್ತೆ? ಅತ್ತೇದು ಅಷ್ಟು ಉಂಡು, ಅಷ್ಟು ಓಡಾಡಿ, ಗಟ್ಟಿಯಾಗಿದೆ."

"ನನ್ನ ಹಾಗೆ," ಎಂದಳು ಹಸ್ನಾ ಅಡುಗೆಮನೆಯಿಂದ.

"ನಿನ್ನ ಹಿಟ್ಟಿನ ಡಬ್ಬ ನೀನೇ ಇಟ್ಕೊ," ಎಂದು ಮುಖ್ಲಿಸ್ ತಂಗಿಗೆ ಕೇಳುವ ಹಾಗೆ ಹೇಳಿ, ತನ್ನದರ ಮುಚ್ಚಳ ಇಳಿಸಿ ಬಟ್ಟೆ ಹೊದಿಸಿದ. "ಹೆಣ್ಣು ಕೇಳೋಕೆ ಬರೋರ ಮುಂದೆ ರವೆ ಉದುರಿಸ್ಕೊಂಡು ಕೂರೋಕಾಗತ್ತಾ?"

ಅಂದು ಮಧ್ಯಾಹ್ನ ಲುಬ್ನಾಳನ್ನು ಕೇಳಲು ಬಾಸಿಮನ ಕಡೆಯವರು ಬರುವವರಿದ್ದರು. ಹುಡುಗ ಲತಾಕಿಯಾದ ಬಂದರಿನಲ್ಲಿ ಕೆಲಸಕ್ಕಿದ್ದ; ಈ ಒಳನಾಡಿನ ಇಜ್ರಾ ಊರಿನ ಬಿಸಿಲಲ್ಲೇ ಬೆಳೆದ ಲುಬ್ನಾಗೆ ಹುಡುಗನೂ ಬೇಕಿತ್ತು, ಸಮುದ್ರವೂ ಬೇಕಿತ್ತು. ಆದರೆ ಹುಡುಗನಿಗೆ ತಂದೆಯಿಲ್ಲ. ಮನೆತನಕ್ಕೆ ಉಳಿದ ಹಿರಿಯರೆಂದರೆ ಅಜ್ಜನ ತಮ್ಮ, ಹಾಜಿ ಷಕೀಬರು. ಅವರು ಹರೆಯದಲ್ಲೇ ಬ್ರೆಜಿಲ್‌ಗೆ ಹೋಗಿ ಸಾವ್ ಪಾವ್ಲೋದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹಿರಿಯರಿಲ್ಲದೆ ಹೆಣ್ಣು ಕೇಳುವುದುಂಟೇ? ಹಾಗಾಗಿ ಅವರು ಪರದೆಯ ಮೇಲೆ ಬಂದು ಕೇಳುವುದೆಂದಾಗಿತ್ತು. ಫೋನಿನಲ್ಲಿ ಆಗದು ಎಂದು ಹಾಜಿಗಳು ಮೊದಲೇ ಹೇಳಿಕಳಿಸಿದ್ದರು. "ಅಂಗೈಯಗಲದ ಗಾಜಲ್ಲಿ ಹೆಣ್ಣು ಕೇಳೋ ಬಡತನ ನಮ್ಮ ಮನೆಗೆ ಬಂದಿಲ್ಲ. ನಾನು ಹುಡುಗಿಯ ಅಪ್ಪನ ಮುಖ ನೆಟ್ಟಗೆ ನೋಡಬೇಕು."

ಈ ಮಾತು ಮುಖ್ಲಿಸನಿಗೆ ಬಹಳ ಹಿಡಿಸಿತ್ತು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಊರಿನ ಮದುವೆ, ಮುಂಜಿ, ಸಾವು ಯಾವುದೇ ಇರಲಿ, ಎದ್ದು ನಿಂತು ನಾಲ್ಕು ಮಾತಾಡುವವನು ಅವನೇ. ಅವನ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಅನ್ನ ಆರುತ್ತದೆಂದು ಊರವರು ನಗುವುದೂ ಇತ್ತು. ಸ್ವಂತ ಮಗಳ ದಿನಕ್ಕೆಂದು ಅವನು ವಾರವಿಡೀ ಮಾತು ಕಟ್ಟಿಕೊಂಡಿದ್ದ.

ಮೂರು ಗಂಟೆಗೆ ಬರಬೇಕಾದ ಕರೆಂಟ್ ಬರಲಿಲ್ಲ. ಬಂದರೆ ಒಂದು ತಾಸು, ಹೋದರೆ ಐದು ತಾಸು ಎಂಬ ಲೆಕ್ಕ ಊರಿಗೆಲ್ಲ ಬಾಯಿಪಾಠವಾಗಿತ್ತು. ಬರುವುದೇ ತಪ್ಪಿದರೆ ಅದಕ್ಕೆ ಯಾರ ಬಳಿಯೂ ಲೆಕ್ಕವಿರಲಿಲ್ಲ. ಇಂಟರ್ನೆಟ್ಟಿನ ಪೆಟ್ಟಿಗೆ ಮೂಲೆಯಲ್ಲಿದ್ದ ಹಳೇ ಕಾರಿನ ಬ್ಯಾಟರಿಗೆ ಅಂಟಿಕೊಂಡು ಮಿಣುಕುತ್ತಿತ್ತು. ಅದಕ್ಕಿಂತ ಹೆಚ್ಚಿನ ಭಾರ ಆ ಬ್ಯಾಟರಿ ಹೊರದು. ಮುಖ್ಲಿಸ್ ನಡುಮನೆಯ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟು, ಬಟ್ಟೆ ಸರಿಸಿ, ಪ್ಲಗ್ ಕಿತ್ತ. ಐದು ವರ್ಷದಲ್ಲಿ ಇದೇ ಮೊದಲು. ನೂರು ಎಂಬ ಅಂಕಿ ಕಂಡು ಅವನಿಗೆ ಸಮಾಧಾನವಾಯಿತು.

ಬಾಸಿಮ್ ಮತ್ತು ಅವನ ತಾಯಿ ಉಮ್ಮ್ ಬಾಸಿಮ್ ಬಂದು ಕೂತರು. ಪರದೆಯ ಮೇಲೆ ಹಾಜಿ ಷಕೀಬರು ಮೂಡಿದರು: ಬಿಳಿ ಮೀಸೆ, ಕೋಟು, ಹಿಂದೆ ಬೆಳಗಿನ ಬಿಸಿಲು ಬಿದ್ದ ಕಿಟಕಿ. ಹಸ್ನಾ ಎಲ್ಲರಿಗೂ ಕಹಿ ಕಾಫಿ ಸುರಿದು, ಒಂದು ಬಟ್ಟಲನ್ನು ಲ್ಯಾಪ್‌ಟಾಪಿನ ಮುಂದೆಯೂ ಇಟ್ಟಳು. ಅತ್ತ ಮೊಮ್ಮಗಳು ಹಾಜಿಗಳ ಕೈಗೂ ಒಂದು ಬಟ್ಟಲು ಕೊಟ್ಟಳು. ಅವರು ಅದನ್ನು ಮೂಗಿನ ತನಕ ಎತ್ತಿ, ಆಸೆಯಿಂದ ಒಮ್ಮೆ ನೋಡಿ, ಕೆಳಗಿಟ್ಟರು.

"ಮುಖ್ಲಿಸಪ್ಪ, ಎದ್ದಾಗಿಂದ ನಾನು ಕಾಫಿ ಕುಡಿದಿಲ್ಲ. ನಾವು ಕೇಳಿ ಬಂದದ್ದನ್ನ ನೀನು ಕೊಡೋವರೆಗೂ ಕುಡಿಯೋದೂ ಇಲ್ಲ. ನಿನ್ನ ಮಗಳು ಲುಬ್ನಾನ ನಮ್ಮ ಬಾಸಿಮನಿಗೆ ಕೇಳ್ತಿದೀನಿ."

ಇನ್ನು "ಕಾಫಿ ಕುಡೀರಿ" ಅಂದರೆ ಮುಗಿಯಿತು; ಹೆಣ್ಣು ಕೊಟ್ಟಂತೆ. ಮುಖ್ಲಿಸ್ ಎದ್ದು ನಿಂತ. ಮೊದಲು ಹಾಜಿಗಳ ಮನೆತನವನ್ನು ಹೊಗಳಿದ. ಆಮೇಲೆ ತನ್ನ ಮುತ್ತಜ್ಜನ ಕಣಕ್ಕೆ ಹೋದ. ಕಣದಿಂದ ಗೋಧಿಗೆ, ಗೋಧಿಯಿಂದ ರೊಟ್ಟಿಗೆ, ರೊಟ್ಟಿಯಿಂದ ತೀರಿಹೋದ ಹೆಂಡತಿಯ ಕೈರುಚಿಗೆ ಬಂದ. ಬಾಗಿಲ ಪರದೆಯ ಸಂದಿಯಿಂದ ಹಸ್ನಾ ಕಣ್ಣು ಕೆಕ್ಕರಿಸಿ ಲ್ಯಾಪ್‌ಟಾಪಿನ ಮೂಲೆ ತೋರಿಸುತ್ತಿದ್ದಳು. ಒಪ್ಪಿಗೆಯ ಮಾತು ಆಡುವ ತನಕ ಹುಡುಗಿ ಹೊರಬರುವಂತಿಲ್ಲ, ಹಾಗಾಗಿ ಲುಬ್ನಾಳ ಬದಲು ಅತ್ತೆಯ ಕಣ್ಣೇ ಕೂಗಾಡುತ್ತಿತ್ತು. ಮುಖ್ಲಿಸ್ ಅಂಕಿಯತ್ತ ತಿರುಗಿದ. ಅರವತ್ತು ಎಂದಿತ್ತು. ಅರವತ್ತು ಬೇಕಾದಷ್ಟಾಯಿತು ಎಂದುಕೊಂಡ.

"ಇಂಥ ಮಗಳನ್ನ, ಹಾಜಿ, ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಮಗಳನ್ನ, ನಾನು ಈ ಹೊತ್ತು..."

ಅರವತ್ತು ಇದ್ದದ್ದು ಹಾಗೇ ಕುಸಿದು ಪರದೆ ಕಪ್ಪಾಯಿತು. ಅದರಲ್ಲಿ ಕೈ ಮೇಲೆತ್ತಿ ನಿಂತ ಮುಖ್ಲಿಸನ ಮುಖವೇ ಕಂಡಿತು.

ಮೇಜಿನ ಮೇಲೆ ತುಂಬಿದ ಬಟ್ಟಲು ಹಾಗೇ ಇತ್ತು. ಉಮ್ಮ್ ಬಾಸಿಮ್ ತಲೆವಸ್ತ್ರ ಸರಿಮಾಡಿಕೊಂಡಳು.

"ಅಣ್ಣಾವ್ರೆ, ಹೋದ ಮೂರು ಸಂಬಂಧಕ್ಕೂ ಕೊನೇಲಿ ಹಿಂಗೇ ಏನೋ ಒಂದು ಅಡ್ಡ ಬಂತಂತೆ. ಕೊಡೋ ಮನಸ್ಸಿಲ್ಲ ಅಂದ್ರೆ ಹೇಳಿಬಿಡಿ. ಮುದುಕರಿಗೆ ಯಾಕೆ ಬೆಳಿಗ್ಗೆ ಬೆಳಿಗ್ಗೆ ಕಾಫಿ ತಪ್ಪಿಸ್ಬೇಕು?"

ಹೌದು, ಮುಖ್ಲಿಸ್ ಮೊದಲಿನವನಿಗೆ ಊರು ದೂರವಾಯಿತೆಂದಿದ್ದ, ಎರಡನೆಯವನ ನಗು ಜೋರಾಯಿತೆಂದಿದ್ದ, ಮೂರನೆಯವನಿಗೆ ಏನು ನೆಪ ಹೇಳಿದ್ದನೋ ಅವನಿಗೇ ನೆನಪಿಲ್ಲ. ಕುಡಿಯದೆ ಉಳಿದ ಕಾಫಿ ಎಂದರೆ ಇಲ್ಲವೆಂದು ಹೇಳಿದಂತೆ. ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತದೆ.

ಬಾಸಿಮ್ ಫೋನ್ ಹಚ್ಚಿದ. ಹಾಜಿಗಳ ದನಿ ದೊಡ್ಡದಾಗಿಯೇ ಕೇಳಿಸಿತು. "ಏನಪ್ಪಾ, ಮುತ್ತಜ್ಜನ ಕಣದಲ್ಲೂ ಕರೆಂಟ್ ಹೋಯ್ತಾ? ನಾನು ಇಲ್ಲೇ ಕೂತಿದೀನಿ. ಬಟ್ಟಲು ಮುಟ್ಟಿಲ್ಲ. ಮೊಮ್ಮಗಳು ಬಿಸಿ ಮಾಡ್ಕೊಡ್ತೀನಿ ಅಂದ್ಳು, ಬೇಡ ಅಂದೆ. ಅವನ ಮುಖ ತೋರ್ಸಿ, ಕಾಯ್ತೀನಿ."

ಬಾಸಿಮ್ ಅಡುಗೆಮನೆಯ ಪರದೆಯ ಕಡೆ ನೋಡಿದ. ಪರದೆಯ ಕೆಳಗೆ ಲುಬ್ನಾಳ ಹೊಸ ಚಪ್ಪಲಿಗಳು ಅಲುಗಾಡದೆ ನಿಂತಿದ್ದವು.

ಮುಖ್ಲಿಸ್ ಆ ಪರದೆ ಸರಿಸಿ ಒಳಗೆ ಹೋದ.

"ಹಸ್ನಾ, ನಿನ್ನದು ಕೊಡು."

"ಯಾವುದಣ್ಣ? ಹಿಟ್ಟಿನ ಡಬ್ಬಾನಾ?"

"ಹೌದು. ಹಿಟ್ಟಿನ ಡಬ್ಬಾನೇ."

ಲ್ಯಾಪ್‌ಟಾಪ್ ಲುಬ್ನಾಳ ಕೈಯಲ್ಲಿತ್ತು. ಅವಳು ಎಷ್ಟು ಹೊತ್ತಿನಿಂದ ಅದನ್ನು ತೆರೆದು ಹಿಡಿದು ನಿಂತಿದ್ದಳೋ. ಮುಖ್ಲಿಸ್ ಅವಳು ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ. ಅಪ್ಪ ಬೇಕೆಂದೇ ಹೀಗೆ ಮಾಡಿದನೇನೋ ಎಂಬ ಹೆದರಿಕೆ ಅವಳ ಮುಖದಲ್ಲಿ ಕಂಡಿತು.

"ಇಲ್ಲ ಕಣಮ್ಮ," ಎಂದ. "ನಿಜವಾಗ್ಲೂ ನೂರು ಅಂದ್ಕೊಂಡಿದ್ದೆ."

ಲುಬ್ನಾ ಕಣ್ಣೊರೆಸಿಕೊಂಡು ಯಂತ್ರವನ್ನು ಅವನ ಕೈಗಿಟ್ಟಳು. "ಇದು ಎರಡು ಗಂಟೆ ಬರತ್ತೆ ಅಪ್ಪ. ಭಾಷಣ ಮೊದಲಿಂದ ಶುರು ಮಾಡಿದ್ರೂ ಆಗತ್ತೆ."

"ಅಯ್ಯೋ, ಬೇಡಮ್ಮ ತಾಯಿ," ಎಂದಳು ಹಸ್ನಾ.

ಅವನು ಆ ಸೀಳು ಮೂಲೆಯ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ನಡುಮನೆಗೆ ತಂದ. ತನ್ನದನ್ನು ಪಕ್ಕಕ್ಕೆ ಸರಿಸಿ ಅದನ್ನಿಟ್ಟ. ಬಿಳಿ ಮೇಜುವಸ್ತ್ರದ ಮೇಲೆ ಒಂದಿಷ್ಟು ರವೆ ಉದುರಿತು. ಹಾಜಿಗಳು ಮತ್ತೆ ಮೂಡಿದರು, ಅದೇ ಕೋಟು, ಅದೇ ಮುಟ್ಟದ ಬಟ್ಟಲು. ಕೂತಲ್ಲೇ ಚೂರು ತೂಕಡಿಸಿದ್ದಂತೆ ಕಂಡಿತು.

ಮುಖ್ಲಿಸ್ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ಹಾಜಿಗಳ ಎದುರಿಗೇ ಕೂತ. ಇಡೀ ವಾರ ಕಟ್ಟಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಹಾಜಿ," ಎಂದ, "ತಾವು ಕಾಫಿ ಕುಡೀಬೇಕು."

ಒಳಗಿನಿಂದ ಹಸ್ನಾಳ ಸಂಭ್ರಮದ ಉಲಿ ಎದ್ದಿತು. ನಾಲಗೆ ಹೊರಳಿಸಿ ಅವಳು ಎಬ್ಬಿಸಿದ ಆ ಸದ್ದಿಗೆ ಎದುರು ಮನೆಯ ತಾರಸಿಯಿಂದಲೂ ಇನ್ನೊಂದು ಉಲಿ ಉತ್ತರವಾಗಿ ಬಂತು. ಉಮ್ಮ್ ಬಾಸಿಮ್ ಅಳತೊಡಗಿದಳು. ಹಾಜಿ ಷಕೀಬರು ಬಟ್ಟಲೆತ್ತಿ ಒಂದೇ ಗುಟುಕಿಗೆ ಮುಗಿಸಿ, ಮುಖ ಹಿಂಡಿದರು.

"ಹುಟ್ಟಿದಾಗಿಂದ ಇಷ್ಟು ಕೆಟ್ಟ ಕಾಫಿ ಕುಡಿದಿರ್ಲಿಲ್ಲ. ದೇವರು ಮಕ್ಕಳಿಗೆ ಒಳ್ಳೇದು ಮಾಡ್ಲಿ."

ಲುಬ್ನಾ ಹೊರಗೆ ಬಂದು ಅವರಿಗೆ ಸಲಾಂ ಹೇಳಿದಳು. ಲ್ಯಾಪ್‌ಟಾಪಿನ ಮುಂದಿದ್ದ ತಣ್ಣನೆಯ ಬಟ್ಟಲನ್ನು ಬಾಸಿಮ್ ಯಾರೂ ಹೇಳದೆಯೇ ಎತ್ತಿಕೊಂಡು ಕುಡಿದ. ಆಮೇಲೆ ಹಾಜಿಗಳು ಮುತ್ತಜ್ಜನ ಕಣ ಏನಾಯಿತೆಂದು ತಾವಾಗಿ ಕೇಳಿದರು, ಮುಖ್ಲಿಸ್ ಹೇಳಿದ, ಎಲ್ಲರೂ ಕೂತು ಕೇಳಿದರು. ಹಿಟ್ಟಿನ ಡಬ್ಬ ಕೊನೆಯ ತನಕ ನಡೆಯಿತು.

ಬೀಗರು ಹೋದ ಮೇಲೆ, ಹೊರಗೆ ಇನ್ನೂ ಬೆಳಕಿರುವಾಗಲೇ ಕರೆಂಟ್ ಬಂತು. ಮುಖ್ಲಿಸನ ಕೈ ಅಭ್ಯಾಸಬಲದಿಂದ ಪ್ಲಗ್ಗಿನ ಕಡೆ ಹೋಯಿತು. ಚುಚ್ಚಿದ. ಅಂಕಿ ಏರುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ಅದು ಅರ್ಧಕ್ಕೆ ಬಂದಾಗ ಪ್ಲಗ್ ಎಳೆದು, ತಂತಿ ಸುತ್ತಿ ಪಕ್ಕಕ್ಕಿಟ್ಟ.

ಆಮೇಲೆ ಹೆಂಡತಿಯ ಕಸೂತಿ ಬಟ್ಟೆಯನ್ನು ಕೊಡವಿದ. ಮಗಳ ಕೋಣೆಯಲ್ಲಿ ಅವಳ ಸೂಟ್‌ಕೇಸ್ ಗೋಡೆಗೆ ಒರಗಿತ್ತು. ಅದನ್ನು ತೆರೆದು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತಳದಲ್ಲಿಟ್ಟು, ಮುಚ್ಚಳವನ್ನು ಹಾಗೇ ತೆರೆದು ಬಿಟ್ಟ.